ಕೆಸುವಿನ ಸೊಪ್ಪು ದನಕ್ಕೆ ಹಾಕಬಹುದೇ? ತುರಿಕೆಯ ಆಚೆಗೂ ಒಂದು ಲೆಕ್ಕವಿದೆ

ಭತ್ತದ ಕೊಯ್ಲು ಮುಗಿದ ದಿನಗಳಲ್ಲಿ ಗಂಗಾವತಿಯಿಂದ ಕಾರಟಗಿ ದಾಟಿ ಸಿಂಧನೂರಿನ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ಹುಲ್ಲೇ ಹುಲ್ಲು. ಕೆಲವರು ಬೇಲ್ ಕಟ್ಟಿಸಿ ಟ್ರ್ಯಾಕ್ಟರಿಗೆ ಏರಿಸುತ್ತಾರೆ, ಕೆಲವರು ಬಣವೆ ಒಟ್ಟುತ್ತಾರೆ, ಇನ್ನು ಕೆಲವರು ಮುಂದಿನ ನಾಟಿಗೆ ಹೊತ್ತಾಯಿತೆಂದು ಗದ್ದೆಯಲ್ಲೇ ಬೆಂಕಿ ಇಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ದನಕ್ಕೆ ಒಣಹುಲ್ಲಿನ ಕೊರತೆ ಇಲ್ಲ, ಕೊರತೆಯೆಲ್ಲ ಹಸಿರುಮೇವಿನದು. ಯುಗಾದಿ ಕಳೆದು ಕಾಲುವೆ ಬಂದ್ ಆಯಿತೆಂದರೆ ಕಾರಹುಣ್ಣಿಮೆಯ ಮಳೆ ಬರುವವರೆಗೂ ಎಮ್ಮೆಗೆ ಒಂದು ಹಿಡಿ ಹಸಿರು ಹೊಂದಿಸುವುದೇ ಕಷ್ಟ.

ಇದೇ ಸೀಮೆಯಲ್ಲಿ ಕಾಲುವೆಯ ಬಸಿನೀರು ನಿಲ್ಲುವ ತಗ್ಗಿನಲ್ಲಿ, ಬಾಳೆಯ ನೆರಳಿನಲ್ಲಿ, ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಕೆಸು ಸೊಂಟದೆತ್ತರ ಬೆಳೆದು ನಿಂತಿರುತ್ತದೆ. ಸಂತೆಯಲ್ಲಿ ಶಾಮಗಡ್ಡೆ ಎಂದು ಮಾರುವ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಮನೆಗಳಲ್ಲಿ ಚಾಮದುಂಪ ಎನ್ನುವ ಅದೇ ಗಿಡ. ಗಡ್ಡೆ ಅಡುಗೆಮನೆಗೆ ಹೋಗುತ್ತದೆ, ಸೊಪ್ಪು ಅಲ್ಲೇ ಕೊಳೆಯುತ್ತದೆ. ಬೇಸಿಗೆ ಬಂದಾಗ ಹೈನು ಮಾಡುವವರು ಕೇಳುವುದು ಇದನ್ನೇ: "ಇಷ್ಟು ಹಸರು ಐತಿ, ಎಮ್ಮಿ ಮೂಸಿ ನೋಡಿ ಮುಖ ತಿರುವತೈತಿ. ಇದನ್ನ ಹಾಕಬಹುದೇನ್ರಿ?"

ಹಾಕಬಹುದು. ಆದರೆ ಹಸಿಯಾಗಿ ಬೇಡ, ಒಮ್ಮೆಲೇ ಹೊಟ್ಟೆ ತುಂಬ ಬೇಡ, ಕ್ಯಾಲ್ಸಿಯಂ ಲೆಕ್ಕ ಇಡದೆ ಅಂತೂ ಬೇಡವೇ ಬೇಡ. ಮೊದಲಿನ ಎರಡು ಮಾತು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿವೆ. ಮೂರನೆಯದನ್ನು ಹೇಳುವವರು ಕಡಿಮೆ, ಪೆಟ್ಟು ಬೀಳುವುದು ಅಲ್ಲೇ. ಕೆಸುವಿನ ತುರಿಕೆಯೂ ಅದರೊಳಗಿನ ಅಪಾಯವೂ ಒಂದೇ ಅಲ್ಲ. ಒಂದನ್ನು ಕಳೆಯುವ ಉಪಾಯ ಇನ್ನೊಂದನ್ನು ಕಳೆಯಲೇಬೇಕೆಂದೇನೂ ಇಲ್ಲ. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಇದನ್ನು ಬಿಡಿಸಿ ಹೇಳುವುದಕ್ಕೆ.

ಗಿಡದಲ್ಲಿ ಇರುವುದೇನು

ಒಂದು ದಂಟನ್ನು ಅಡ್ಡ ಕೊಯ್ದು ನೋಡಿ. ಒಳಗೆಲ್ಲ ಸ್ಪಂಜಿನಂಥ ಗಾಳಿಗೂಡು. ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತದೆ, ಬಟ್ಟೆಗೆ ತಾಗಿದರೆ ಸ್ವಲ್ಪ ಹೊತ್ತಿನಲ್ಲಿ ಕಂದು ಕಲೆಯಾಗುತ್ತದೆ, ಒಗೆದರೂ ಹೋಗುವುದಿಲ್ಲ. ಕೆಸರಿನಲ್ಲಿ ಬೇರು ಮುಳುಗಿದ್ದರೂ ಗಿಡ ಕೊಳೆಯದೆ ನಿಲ್ಲುವುದು ಈ ಗಾಳಿಗೂಡುಗಳಿಂದ, ಎಲೆಯ ಗಾಳಿ ಅದರ ಮೂಲಕ ಬೇರಿಗೆ ಇಳಿಯುತ್ತದೆ. ಮೇವಿನ ಲೆಕ್ಕಕ್ಕೆ ಬಂದರೆ ಇದರ ಅರ್ಥ ಇಷ್ಟೇ: ಕೆಸುವಿನಲ್ಲಿ ನೀರು ಬಹಳ. ಎಲೆ ಮತ್ತು ದಂಟು ಸೇರಿಸಿ 10 ಕಿಲೋ ಹಸಿಸೊಪ್ಪು ತೂಗಿದರೆ ಅದರಲ್ಲಿ ಸುಮಾರು 9 ಕಿಲೋ ನೀರೇ. ಹೊಟ್ಟೆಗೆ ಮೇವಾಗಿ ಸಿಗುವ ಒಣ ಅಂಶ ಒಂದು ಕಿಲೋ ಆಸುಪಾಸು.

ಆ ಒಂದು ಕಿಲೋ ಚೆನ್ನಾಗಿದೆ. ಎಲೆಯ ಒಣ ಅಂಶದಲ್ಲಿ ಶೇ 20ರಿಂದ 25ರವರೆಗೆ ಪ್ರೋಟೀನ್ ಇರುತ್ತದೆ. ಭತ್ತದ ಹುಲ್ಲಿನಲ್ಲಿ ಇದು ಶೇ 3ರಿಂದ 4 ಮಾತ್ರ. ದಂಟು ಎಲೆಯಷ್ಟು ಸತ್ವದ್ದಲ್ಲ. ಅದರಲ್ಲಿ ನೀರೂ ಹೆಚ್ಚು, ಪ್ರೋಟೀನೂ ಕಡಿಮೆ. ಆದ್ದರಿಂದ ಎಲೆ, ದಂಟು ಎರಡನ್ನೂ ಸೇರಿಸಿ ಹಾಕಿದರೆ ಶೇಂಗಾ ಹಿಂಡಿಯ ಜಾಗವನ್ನು ಅದು ತುಂಬುತ್ತದೆ ಎಂದುಕೊಳ್ಳಬಾರದು. 10 ಕಿಲೋ ಹಸಿಸೊಪ್ಪಿನ ಪ್ರೋಟೀನು ಅರ್ಧ ಕಿಲೋ ಶೇಂಗಾ ಹಿಂಡಿಯದನ್ನೂ ಮುಟ್ಟುವುದಿಲ್ಲ. ಬರೀ ಒಣಹುಲ್ಲು ತಿನ್ನುವ ಎಮ್ಮೆಗೆ ಸ್ವಲ್ಪ ಹಸಿರು, ಸ್ವಲ್ಪ ಪ್ರೋಟೀನು, ಜೊತೆಗೆ ಹಸಿರೆಲೆಯ ಕ್ಯಾರೋಟಿನ್ ಸಿಕ್ಕಂತಾಗುತ್ತದೆ. ಅಷ್ಟಕ್ಕೆ ಇದು ಯೋಗ್ಯ.

ಗಡ್ಡೆಯ ಕಥೆ ಬೇರೆ. ಅದರ ಒಣ ಅಂಶದಲ್ಲಿ ಮುಕ್ಕಾಲು ಪಾಲು ಪಿಷ್ಟ, ಆ ಪಿಷ್ಟದ ಕಣಗಳು ಬಹಳ ಸಣ್ಣವಾದ್ದರಿಂದ ಬೇಯಿಸಿದರೆ ಸುಲಭವಾಗಿ ಅರಗುತ್ತದೆ. ಮಾರಾಟಕ್ಕೆ ಹೋಗುವುದು ಮರಿಗಡ್ಡೆ. ನಡುವಿನ ತಾಯಿಗಡ್ಡೆ ಗಟ್ಟಿ, ಕೆರೆತವೂ ಹೆಚ್ಚು, ಎಷ್ಟೋ ಸಲ ಹೊಲದಲ್ಲೇ ಉಳಿಯುತ್ತದೆ. ಜಾನುವಾರಿಗೆ ಎಂದು ಗಡ್ಡೆ ತೆಗೆಯುವುದಾದರೆ ತಾಯಿಗಡ್ಡೆಯನ್ನೇ ಸಿಪ್ಪೆ ತೆಗೆದು, ಹೆಚ್ಚಿ, ಬೇಯಿಸಿ ನೀರು ಚೆಲ್ಲಿ ಹಾಕಬೇಕು.

ಸೂಜಿ ಬೇರೆ, ಕರಗುವ ಆಕ್ಸಲೇಟ್ ಬೇರೆ

ಕೆಸುವಿನಲ್ಲಿ ಆಕ್ಸಾಲಿಕ್ ಆಮ್ಲ ಎರಡು ರೂಪದಲ್ಲಿ ಇರುತ್ತದೆ. ಒಂದು ಭಾಗ ಗಿಡದೊಳಗೇ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ಹರಳುಗಟ್ಟಿರುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಈ ಹರಳುಗಳು ಎರಡೂ ತುದಿ ಚೂಪಾದ ಸೂಜಿಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೊರಕೆ ಕಡ್ಡಿಯ ಕಟ್ಟಿನಂತೆ ಒಂದೊಂದು ಜೀವಕೋಶದಲ್ಲಿ ನೂರಾರು ಒತ್ತಾಗಿ ಕುಳಿತಿರುತ್ತವೆ. ಎಲೆ ಅಗಿದಾಗ ಕೋಶ ಒಡೆದು ಸೂಜಿಗಳು ನಾಲಿಗೆಗೆ, ತುಟಿಗೆ, ಗಂಟಲಿಗೆ ನಾಟುತ್ತವೆ. ಸೂಜಿ ಮಾಡಿದ ಗಾಯದೊಳಕ್ಕೆ ಗಿಡದ್ದೇ ಒಂದು ಬಗೆಯ ಪ್ರೋಟೀನು ಇಳಿದು ಉರಿ ಎಬ್ಬಿಸುತ್ತದೆ. ಎಮ್ಮೆ ಮೂಸಿ ಮುಖ ತಿರುಗಿಸುವುದು ಇದಕ್ಕೇ. ಹಸಿದ ದನ ಬಾಯಿ ಹಾಕಿದರೂ ಎರಡು ತುತ್ತಿಗೆ ನಾಲಿಗೆ ಹೊರಹಾಕಿ ಜೊಲ್ಲು ಸುರಿಸತೊಡಗುತ್ತದೆ, ಗೋದಲಿಯ ಅಂಚಿಗೆ ಮೂತಿ ಉಜ್ಜುತ್ತದೆ, ತುಟಿ ಊದಿಕೊಳ್ಳುತ್ತದೆ.

ಇನ್ನೊಂದು ಭಾಗ ಪೊಟ್ಯಾಸಿಯಂ, ಸೋಡಿಯಂ ಜೊತೆ ಸೇರಿ ಗಿಡದ ರಸದಲ್ಲಿ ಕರಗಿಕೊಂಡಿರುತ್ತದೆ. ಇದೇ ಕರಗುವ ಆಕ್ಸಲೇಟ್. ಇದು ತುರಿಸುವುದಿಲ್ಲ, ಬಾಯಲ್ಲಿ ಗೊತ್ತೂ ಆಗುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಅಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದು ಹರಳು ಮಾಡಿ ಸಗಣಿಯೊಂದಿಗೆ ಹೊರಹಾಕುತ್ತದೆ. ಬಹಳವಿದ್ದರೆ ರಕ್ತಕ್ಕೆ ಸೇರುತ್ತದೆ, ರಕ್ತದ ಕ್ಯಾಲ್ಸಿಯಂ ಇಳಿಸುತ್ತದೆ, ಮೂತ್ರಪಿಂಡದಲ್ಲಿ ಹರಳಾಗಿ ಕೂರುತ್ತದೆ.

ಸೂಜಿ ಪ್ರಾಣಿಯನ್ನು ಮೇವಿನಿಂದ ದೂರ ಇಡುತ್ತದೆ, ಒಂದು ರೀತಿಯಲ್ಲಿ ಅದೇ ಕಾವಲು. ನಾವು ಮನುಷ್ಯರು ಒಣಗಿಸಿಯೋ ಹುಳಿಸಿಯೋ ಆ ಕಾವಲನ್ನು ತೆಗೆದ ಮೇಲೆ ಎಮ್ಮೆ ಬುಟ್ಟಿಗಟ್ಟಲೆ ತಿನ್ನಬಲ್ಲದು. ಆಗ ಕರಗುವ ಆಕ್ಸಲೇಟಿನ ಲೆಕ್ಕ ಇಡುವ ಜವಾಬ್ದಾರಿ ನಮ್ಮ ಮೇಲೆ ಬೀಳುತ್ತದೆ.

ಒಂದೊಂದೇ ವಿಧಾನವನ್ನು ಈ ಎರಡು ಕಣ್ಣಿನಿಂದ ನೋಡೋಣ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎಲೆ ಹರಡಿದರೆ ಎರಡು ಮೂರು ದಿನಕ್ಕೆ ಗರಿಗರಿ ಒಣಗುತ್ತದೆ, ತುರಿಕೆ ಬಹಳಮಟ್ಟಿಗೆ ಇಳಿಯುತ್ತದೆ. ಆದರೆ ಹೋದದ್ದು ನೀರು, ಆಕ್ಸಲೇಟ್ ಅಲ್ಲೇ ಇದೆ. ಹತ್ತು ಕಿಲೋ ಸೊಪ್ಪು ಒಂದು ಚಿಕ್ಕ ಚೀಲದಷ್ಟಾಗುತ್ತದೆ, ಕಣ್ಣಿಗೆ ಕಡಿಮೆ ಎನಿಸಿ ಹೆಚ್ಚು ಹಾಕಿಬಿಡುತ್ತೇವೆ. ಬೇಯಿಸಿ ನೀರು ಚೆಲ್ಲಿದರೆ ಕರಗುವ ಆಕ್ಸಲೇಟಿನ ದೊಡ್ಡ ಪಾಲು ನೀರಿನೊಂದಿಗೆ ಹೋಗುತ್ತದೆ, ಚೆನ್ನಾಗಿ ಬೆಂದರೆ ತುರಿಕೆಯೂ ಸಾಯುತ್ತದೆ. ಬೇಯಿಸಿದ ನೀರನ್ನೇ ಕಲಗಚ್ಚಿಗೆ ಸೇರಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕತ್ತರಿಸಿ ರಾತ್ರಿಯಿಡೀ ನೆನೆಹಾಕಿ ನೀರು ಬಸಿದರೂ ಕರಗುವ ಭಾಗ ಸ್ವಲ್ಪ ಕಡಿಮೆಯಾಗುತ್ತದೆ, ಸೂಜಿ ಮಾತ್ರ ಹಾಗೇ ಉಳಿಯುತ್ತದೆ. ಗಾಳಿ ಸೇರದಂತೆ ಮುಚ್ಚಿ ಹುಳಿಸಿದ ರಸಮೇವಿನಲ್ಲಿ (ಸೈಲೇಜ್) ತುರಿಕೆಯೂ ಇಳಿಯುತ್ತದೆ, ಆಕ್ಸಲೇಟೂ ತಕ್ಕಮಟ್ಟಿಗೆ ಇಳಿಯುತ್ತದೆ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ದೇಶಗಳ ಸಣ್ಣ ರೈತರು ಹಂದಿ ಸಾಕಲು ಕೆಸುವನ್ನು ಹೀಗೇ ಬಳಸುತ್ತಾರೆ. 1980ರ ದಶಕದ ಆರಂಭದಲ್ಲಿ ಹವಾಯಿಯಲ್ಲೂ ಇಡೀ ಗಿಡವನ್ನು ರಸಮೇವು ಮಾಡುವ ಪ್ರಯೋಗಗಳಾಗಿದ್ದವು.

ಹುಲ್ಲಿನ ನಾಡಿನಲ್ಲಿ ಕ್ಯಾಲ್ಸಿಯಂ

ನಮ್ಮ ಭಾಗಕ್ಕೆ ಮುಖ್ಯವಾದ ಲೆಕ್ಕ ಇದು, ಸ್ವಲ್ಪ ನಿಧಾನವಾಗಿ ಮಾಡೋಣ.

ನ್ಯೂಜಿಲೆಂಡಿನಲ್ಲಿ ಬೆಳೆದ ಕೆಸುವಿನ ಎಲೆಗಳನ್ನು ಪರೀಕ್ಷಿಸಿದಾಗ 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 440ರಿಂದ 590 ಮಿಲಿಗ್ರಾಂ ಆಕ್ಸಲೇಟ್ ಸಿಕ್ಕಿತ್ತು. ಎಳೆಯ ಎಲೆಯಲ್ಲಿ ಹೆಚ್ಚು, ಬಲಿತ ಎಲೆಯಲ್ಲಿ ಕಡಿಮೆ, ಎರಡರಲ್ಲೂ ಮುಕ್ಕಾಲು ಪಾಲು ಕರಗುವಂಥದ್ದು. ತಳಿ, ನೀರು, ಋತು ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೂ ಅಂದಾಜಿಗೆ ಇದು ಸಾಕು. ಬರೀ ಎಲೆಯನ್ನೇ 10 ಕಿಲೋ ಹಾಕಿದೆವು ಎಂದುಕೊಳ್ಳಿ. ಅದರಲ್ಲಿ 33ರಿಂದ 44 ಗ್ರಾಂ ಕರಗುವ ಆಕ್ಸಲೇಟ್ ಹೊಟ್ಟೆಗೆ ಹೋಯಿತು. ಪ್ರತಿ 2.2 ಗ್ರಾಂ ಆಕ್ಸಲೇಟ್ ಒಂದು ಗ್ರಾಂ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಅಂದರೆ 15ರಿಂದ 20 ಗ್ರಾಂ ಕ್ಯಾಲ್ಸಿಯಂ ಹೋಯಿತು. ಒಂದು ಲೀಟರ್ ಆಕಳ ಹಾಲಿನಲ್ಲಿ ಇರುವುದು ಸುಮಾರು 1.2 ಗ್ರಾಂ. ದಿನಕ್ಕೆ 10 ಲೀಟರ್ ಕರೆಯುವ ಆಕಳು ಹಾಲಿನಲ್ಲಿ ಕಳೆಯುವ ಕ್ಯಾಲ್ಸಿಯಂಗಿಂತ ಇದು ಹೆಚ್ಚು.

ಮೆಲುಕು ಹಾಕುವ ಪ್ರಾಣಿಗಳಿಗೆ ಇಲ್ಲೊಂದು ಅನುಕೂಲವಿದೆ. ಅವುಗಳ ದೊಡ್ಡ ಹೊಟ್ಟೆಯಲ್ಲಿ ಆಕ್ಸಲೇಟನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಇರುತ್ತವೆ. ಕುರಿಯ ಹೊಟ್ಟೆಯಿಂದ ಪ್ರತ್ಯೇಕಿಸಿದ ಇಂಥ ಒಂದು ಜೀವಿಗೆ 1985ರಲ್ಲಿ ಆಕ್ಸಲೋಬ್ಯಾಕ್ಟರ್ ಫಾರ್ಮಿಜೀನಿಸ್ ಎಂದು ಹೆಸರಿಟ್ಟರು. ಇವು ಆಕ್ಸಲೇಟನ್ನು ಒಡೆದು ಕ್ಯಾಲ್ಸಿಯಂ ತಂಟೆಗೆ ಹೋಗದಂತೆ ಮಾಡುತ್ತವೆ. ಆದರೆ ಆಕ್ಸಲೇಟ್ ಇಲ್ಲದ ಮೇವು ತಿನ್ನುವ ದನದಲ್ಲಿ ಇವುಗಳ ಸಂಖ್ಯೆ ಕಡಿಮೆ. ಮೇವಿನಲ್ಲಿ ಆಕ್ಸಲೇಟ್ ಸ್ವಲ್ಪಸ್ವಲ್ಪವೇ ಬರುತ್ತಿದ್ದರೆ ದಿನಗಳೆದಂತೆ ಇವು ಹೆಚ್ಚುತ್ತವೆ. ಇವತ್ತು ಏನೂ ಇಲ್ಲದೆ ನಾಳೆ ಹೊಟ್ಟೆ ತುಂಬ ಕೆಸು ತಿಂದರೆ ಇವಕ್ಕೆ ಹೆಚ್ಚಲು ಸಮಯವೇ ಸಿಗುವುದಿಲ್ಲ. "ಒಮ್ಮೆಲೇ ಹಾಕಬ್ಯಾಡ್ರಿ" ಎನ್ನುವ ಹಳೆಯ ಮಾತಿನ ಹಿಂದಿರುವ ಕಾರಣ ಇದು.

ಒಟ್ಟು ಮೇವಿನ ಒಣ ಅಂಶದಲ್ಲಿ ಕರಗುವ ಆಕ್ಸಲೇಟ್ ಶೇ 2ರ ಒಳಗಿದ್ದರೆ ಮೆಲುಕು ಹಾಕುವ ಪ್ರಾಣಿಗಳಿಗೆ, ಶೇ 0.5ರ ಒಳಗಿದ್ದರೆ ಹಂದಿ, ಕುದುರೆಯಂಥ ಪ್ರಾಣಿಗಳಿಗೆ ವಿಷವಾಗುವುದಿಲ್ಲ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಕೆಸುವಿನ ಎಲೆಯನ್ನಷ್ಟೇ ತೆಗೆದುಕೊಂಡರೆ ಮೇಲಿನ ಅಂಕಿಯಂತೆ ಅದು ಶೇ 2 ದಾಟುತ್ತದೆ. ಬೇರೆ ಮೇವಿನೊಂದಿಗೆ ಬೆರೆಸಿ ತೆಳುವಾಗಿಸದೆ ಉಪಾಯವಿಲ್ಲ.

ಬೆರೆಸುವುದು ಯಾವುದರ ಜೊತೆ? ನಮ್ಮಲ್ಲಿ ಭತ್ತದ ಹುಲ್ಲಿನ ಜೊತೆ. ಆ ಹುಲ್ಲಿನಲ್ಲೂ ಆಕ್ಸಲೇಟ್ ಇದೆ, ಇರುವ ಅಲ್ಪ ಕ್ಯಾಲ್ಸಿಯಂ ಕೂಡ ದನಕ್ಕೆ ಸರಿಯಾಗಿ ದಕ್ಕುವುದಿಲ್ಲ. ಇನ್ನು ಹಸಿರಿಗೆಂದು ನೇಪಿಯರ್ ಹಾಕಿದವರ ಮನೆಯಲ್ಲಿ ಆ ಹುಲ್ಲೂ ಆಕ್ಸಲೇಟ್ ಇರುವ ಜಾತಿಯದೇ. ಹುಲ್ಲು, ನೇಪಿಯರ್, ಅದರ ಮೇಲೆ ಕೆಸು ಎಂದರೆ ಮೂರೂ ಕಡೆಯಿಂದ ಕ್ಯಾಲ್ಸಿಯಂಗೆ ಕತ್ತರಿ. ಜೋಳದ ಕಣಿಕೆ ಇದ್ದ ಮನೆಯವರು, ಅಂದರೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಒಣಬೇಸಾಯದವರು, ಈ ಮಟ್ಟಿಗೆ ಭತ್ತದ ಸೀಮೆಯವರಿಗಿಂತ ಸುರಕ್ಷಿತ. ಅವರಲ್ಲಿ ಕೆಸು ಬೆಳೆಯುವಷ್ಟು ನೀರೇ ಇಲ್ಲ ಎನ್ನುವುದು ಬೇರೆ ಮಾತು.

ಆದ್ದರಿಂದ ಕೆಸು ಹಾಕುವ ಮನೆಯಲ್ಲಿ ಖನಿಜ ಮಿಶ್ರಣ ಇರಲೇಬೇಕು. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಒಳ್ಳೆಯ ಮಿಶ್ರಣ ಕೊಟ್ಟರೆ ಅದರಲ್ಲಿ 10 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 10 ಕಿಲೋ ಸೊಪ್ಪಿಗೆ ಅದೊಂದೇ ಸಾಲುವುದಿಲ್ಲ. ಜೊತೆಗೆ 25ರಿಂದ 30 ಗ್ರಾಂ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿಯನ್ನು ತೌಡಿನಲ್ಲಿ ಕಲಸಿ ಸೊಪ್ಪು ತಿನ್ನುವ ಹೊತ್ತಿಗೇ ಕೊಡಬೇಕು. ಹೊತ್ತು ಇಲ್ಲಿ ಮುಖ್ಯ. ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಒಂದೇ ಸಮಯಕ್ಕೆ ಹೊಟ್ಟೆಯಲ್ಲಿದ್ದರೆ ಅಲ್ಲೇ ಒಂದಕ್ಕೊಂದು ಅಂಟಿಕೊಂಡು ಸಗಣಿಗೆ ಹೋಗುತ್ತವೆ, ರಕ್ತಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಸೊಪ್ಪು, ಸಂಜೆ ಖನಿಜ ಎಂದು ಮಾಡಿದರೆ ಈ ಲಾಭ ಇಲ್ಲ. ಗರ್ಭದ ದನ, ಹೆಚ್ಚು ಹಾಲಿನ ದನ ಇದ್ದರೆ ಪ್ರಮಾಣವನ್ನು ನಿಮ್ಮ ಪಶುವೈದ್ಯರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಯಾರಿಗೆ ಹಾಕಬೇಕು, ಯಾರಿಗೆ ಬೇಡ

ಹಾಲು ಬತ್ತಿದ, ಈಯಲು ಇನ್ನೂ ದೂರವಿರುವ ಆಕಳು, ಎಮ್ಮೆ, ಕೆಲಸವಿಲ್ಲದ ಎತ್ತು, ಒಂದು ವರ್ಷ ದಾಟಿದ ಮಣಕ, ಇವಕ್ಕೆ ಖನಿಜ ಮಿಶ್ರಣದೊಂದಿಗೆ ನಿರ್ಭಯವಾಗಿ ಶುರು ಮಾಡಬಹುದು. ಕರೆಯುವ ದನಕ್ಕೆ ಮೇಲಿನ ಕ್ಯಾಲ್ಸಿಯಂ ಲೆಕ್ಕದೊಂದಿಗೆ. ಈಯಲು ಹತ್ತಿರವಾದ ದನಕ್ಕೆ, ಈದು ತಿಂಗಳಾಗದ ದನಕ್ಕೆ ಬೇಡವೇ ಬೇಡ. ಈದ ಹೊಸತರಲ್ಲಿ ಕೆಚ್ಚಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದು ರಕ್ತದಲ್ಲಿ ಕಡಿಮೆಯಾಗುವುದೇ ಹಾಲುಜ್ವರಕ್ಕೆ ಕಾರಣ. ಆ ದಿನಗಳಲ್ಲಿ ಆಕ್ಸಲೇಟನ್ನೂ ಸೇರಿಸುವುದು ದನವನ್ನು ನೆಲಕ್ಕೆ ಕೆಡವಿದಂತೆ. ಕಿವಿ ತಣ್ಣಗಾಗಿ, ಮೈ ನಡುಗಿ, ಹಿಂಗಾಲು ಎಳೆಯುತ್ತ ಕುಸಿದರೆ ಮನೆಮದ್ದು ಹುಡುಕುತ್ತ ಕೂರಬೇಡಿ. ವೈದ್ಯರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿದರೆ ಎಷ್ಟೋ ದನ ನೋಡನೋಡುತ್ತ ಎದ್ದು ನಿಲ್ಲುತ್ತವೆ, ತಡವಾದರೆ ಉಳಿಯುವುದಿಲ್ಲ. ಏನು ಮೇವು ಹಾಕಿದ್ದೆವು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಕುರಿ, ಆಡಿನ ವಿಷಯದಲ್ಲಿ ನನಗೆ ಹೆಚ್ಚು ಭಯ. ಕೆಂಗುರಿ, ಬಳ್ಳಾರಿ, ಡೆಕ್ಕನಿ ಕುರಿಗಳ ಹಿಂಡು ದಿನವಿಡೀ ನಡೆದು ಹಸಿದು ಬಂದು ಕಾಲುವೆ ಬದಿಯ ಹಸಿರಿಗೆ ನುಗ್ಗುತ್ತವೆ. ಹಸಿದ ಹೊಟ್ಟೆ, ರೂಢಿಯಿಲ್ಲದ ಸೊಪ್ಪು, ಒಮ್ಮೆಲೇ ಬಹಳ, ಈ ಮೂರೂ ಸೇರಿದಾಗಲೇ ಆಕ್ಸಲೇಟ್ ವಿಷವಾಗುವುದು. ಹಸಿ ಕೆಸುವಿನ ತುರಿಕೆ ಇಲ್ಲಿ ಕುರಿಯನ್ನು ಕಾಯುತ್ತದೆ, ಬಾಡಿಸಿ ರಾಶಿ ಹಾಕಿದ ಸೊಪ್ಪು ಕಾಯುವುದಿಲ್ಲ. ಒಣಗಲು ಹರಡಿದ ಕೆಸುವಿನ ಕಡೆ ಹಿಂಡು ಬಾರದಂತೆ ನೋಡಿಕೊಳ್ಳಿ. ಗಂಡು ಕುರಿ, ಹೋತಗಳನ್ನು ಕಟ್ಟಿ ಮೇಯಿಸುವವರು ಮೂತ್ರದ ಕಲ್ಲಿನ ತೊಂದರೆ ಬಲ್ಲರು. ಅಂಥ ಕಡೆ ಕೆಸು ಹಾಕದಿರುವುದೇ ಲೇಸು.

ಕುದುರೆ, ಕತ್ತೆಗೆ ಹಾಕಬಾರದು. ಹಂದಿಗೆ ಬೇಯಿಸಿ ಅಥವಾ ಹುಳಿಸಿ, ಅಕ್ಕಿ ತೌಡಿನ ಜೊತೆ ಕೊಡಬಹುದು. ಕೋಳಿಗೆ ಬೇಯಿಸಿದ ಗಡ್ಡೆ ಸ್ವಲ್ಪ ಸಾಕು, ಸೊಪ್ಪಿನ ತಂಟೆ ಬೇಡ.

ರಸಮೇವು ಮಾಡುವ ಬಗೆ

ಎರಡು ಎಮ್ಮೆ ಇರುವ ಮನೆಯಲ್ಲಿ ದಿನಾ ಹಂಡೆಗಟ್ಟಲೆ ಸೊಪ್ಪು ಬೇಯಿಸಲು ಸೌದೆಯೂ ಇಲ್ಲ, ಪುರುಸೊತ್ತೂ ಇಲ್ಲ. ದನಕ್ಕೆ ಹಾಕುವುದಾದರೆ ರಸಮೇವೇ ದಾರಿ. ಕಾಲವೂ ಅದಕ್ಕೆ ಹೊಂದುತ್ತದೆ. ಮುಂಗಾರಿಗೆ ಹಚ್ಚಿದ ಕೆಸು ಶ್ರಾವಣದಿಂದ ದೀಪಾವಳಿಯವರೆಗೆ ಸೊಪ್ಪಿನಿಂದ ತುಂಬಿರುತ್ತದೆ, ಗಡ್ಡೆ ಬಲಿತಂತೆ ಎಲೆ ಹಳದಿಯಾಗಿ ಕುಗ್ಗುತ್ತದೆ. ಸೊಪ್ಪು ಇರುವಾಗ ಹುಳಿಸಿ ಇಟ್ಟರೆ ಕಾಲುವೆ ನಿಂತ ದಿನಗಳಿಗೆ ಒದಗುತ್ತದೆ.

ಕೊಯ್ಯುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲವೆ ರಬ್ಬರ್ ಗ್ಲೌಸ್ ಹಾಕಿ. ಹಸಿಸೊಪ್ಪನ್ನು ನೇರವಾಗಿ ಡ್ರಮ್ಮಿಗೆ ತುಂಬಿದರೆ ತಳದಲ್ಲಿ ನೀರು ನಿಂತು ನಾರುತ್ತದೆ. ಅದಕ್ಕೇ ಒಂದು ದಿನ ಹರಡಿ ಬಾಡಿಸಬೇಕು. ಬಾಡಿದ ಮೇಲೆ ದಂಟು ಬಗ್ಗಿಸಿದರೆ ಪಟ್ಟನೆ ಮುರಿಯದೆ ಬಳುಕಬೇಕು. ಅಷ್ಟಾದಾಗ ಒಣ ಅಂಶ ಶೇ 15ರ ಸುಮಾರಿಗೆ ಬಂದಿರುತ್ತದೆ. ಒಳ್ಳೆಯ ರಸಮೇವಿಗೆ ಶೇ 30ರ ಹತ್ತಿರ ಬೇಕು. ಉಳಿದ ನೀರನ್ನು ಹೀರಲು ಒಣಹುಲ್ಲು ನಮ್ಮಲ್ಲಿ ಬೇಕಾದಷ್ಟಿದೆ. ಬಾಡಿದ ಸೊಪ್ಪು 100 ಕಿಲೋಗೆ ಭತ್ತದ ಹುಲ್ಲು 25 ಕಿಲೋ ಸೇರಿಸಿದರೆ ಲೆಕ್ಕ ಸರಿಹೊಂದುತ್ತದೆ. ಎರಡನ್ನೂ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಅಂಗುಲದಷ್ಟು ತುಂಡು ಮಾಡಿ.

ಹುಳಿ ಹಿಡಿಸುವ ಬ್ಯಾಕ್ಟೀರಿಯಾಗೆ ಸಕ್ಕರೆ ಅಂಶ ಬೇಕು, ಕೆಸುವಿನಲ್ಲೂ ಹುಲ್ಲಿನಲ್ಲೂ ಅದು ಕಡಿಮೆ. ಅಷ್ಟಕ್ಕೆ 5 ಕಿಲೋ ಕಾಕಂಬಿ, ಸಿಗದಿದ್ದರೆ ಕಪ್ಪುಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಪದರ ಪದರಕ್ಕೆ ಚಿಮುಕಿಸುತ್ತ ತುಂಬಿ. ಹುಲ್ಲಿನ ಬದಲು ಹಸಿ ಗೋವಿನಜೋಳದ ದಂಟು ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಸಕ್ಕರೆಯೂ ಇದೆ, ಆಕ್ಸಲೇಟ್ ಚಿಂತೆಯೂ ಕಡಿಮೆ. ಕೊಪ್ಪಳ ತಾಲ್ಲೂಕಿನ ಗೋವಿನಜೋಳದವರು ಸೊಪ್ಪಿನ ಎರಡು ಮೂರು ಪಟ್ಟು ದಂಟು ಸೇರಿಸಿ ತುಂಬಿದರೆ ಕಾಕಂಬಿ ಬೇಕಾಗುವುದಿಲ್ಲ.

ನೀಲಿ ಪ್ಲಾಸ್ಟಿಕ್ ಡ್ರಮ್, ದಪ್ಪ ಸೈಲೇಜ್ ಚೀಲ, ಯಾವುದಾದರೂ ಆದೀತು. ಬೆಳೆಗೆ ಹೊಡೆಯುವ ಔಷಧಿ ತುಂಬಿದ್ದ ಡ್ರಮ್ ಮಾತ್ರ ಎಷ್ಟು ತೊಳೆದರೂ ಬೇಡ. ಒಂದು ಗೇಣು ತುಂಬುವುದು, ಏರಿ ತುಳಿಯುವುದು, ಮತ್ತೆ ತುಂಬುವುದು. ಗಾಳಿ ಉಳಿದಲ್ಲೇ ಬೂಷ್ಟು ಬರುವುದು, ಹಾಗಾಗಿ ತುಳಿಯುವ ಕೆಲಸದಲ್ಲಿ ಆಲಸ್ಯ ಸಲ್ಲದು. ಮೇಲೆ ಪ್ಲಾಸ್ಟಿಕ್ ಮುಚ್ಚಿ, ಮರಳು ಚೀಲದ ಭಾರ ಹೇರಿ, ನೆರಳಿನಲ್ಲಿ ನಾಲ್ಕು ವಾರ ಬಿಡಿ.

ತೆಗೆದಾಗ ಬಣ್ಣ ಹಳದಿ ಮಿಶ್ರಿತ ಹಸಿರು, ವಾಸನೆ ಹುಳಿಮಜ್ಜಿಗೆಯದು ಇರಬೇಕು. ಕಪ್ಪಾಗಿ ಲೋಳೆಗಟ್ಟಿದ್ದರೆ, ಕೊಳೆತ ವಾಸನೆ ಇದ್ದರೆ, ಬೂಷ್ಟು ಕಂಡರೆ ಆ ಭಾಗ ತಿಪ್ಪೆಗೆ. ದನಕ್ಕೆ ಹಾಕುವ ಮುಂಚೆ ಒಂದು ಚೂರನ್ನು ಮುಂಗೈಯ ಒಳಮೈಗೆ ಉಜ್ಜಿ ನೋಡಿ. ಕೆರೆತ ಎದ್ದರೆ ಇನ್ನೂ ಎರಡು ವಾರ ಮುಚ್ಚಿಡಿ. ಹಾಗೆಂದು ಕೆರೆತ ಇಲ್ಲದ ಮಾತ್ರಕ್ಕೆ ಕ್ಯಾಲ್ಸಿಯಂ ನಿಲ್ಲಿಸುವಂತಿಲ್ಲ.

ಮೊದಲ ಮೂರು ದಿನ ಒಂದು ಕಿಲೋ, ಅನಂತರ ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಕಿಲೋ ಏರಿಸುತ್ತ ಎರಡು ವಾರದಲ್ಲಿ ಐದಾರು ಕಿಲೋವರೆಗೆ ಹೋಗಬಹುದು. 400 ಕಿಲೋ ತೂಗುವ ಆಕಳು ದಿನಕ್ಕೆ 10ರಿಂದ 12 ಕಿಲೋ ಒಣ ಅಂಶ ತಿನ್ನುತ್ತದೆ. ಅದರಲ್ಲಿ ಕೆಸುವಿನ ಪಾಲು ಶೇ 10ರಿಂದ 15 ದಾಟಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕಿಂತ ಹೆಚ್ಚು ತಿನ್ನಿಸಿದ ಪ್ರಯೋಗಗಳು ಇಲ್ಲದಿಲ್ಲ, ಆದರೆ ಭತ್ತದ ಹುಲ್ಲು ತಿಂದು ಬದುಕುವ ದನದ ಮೇಲೆ ಆ ಧೈರ್ಯ ಮಾಡಲು ನನಗೆ ಮನಸ್ಸಾಗುವುದಿಲ್ಲ. ಮಧ್ಯೆ ಹತ್ತು ಹದಿನೈದು ದಿನ ನಿಂತುಹೋದರೆ ಮತ್ತೆ ಒಂದು ಕಿಲೋದಿಂದಲೇ ಶುರು ಮಾಡಿ, ಹೊಟ್ಟೆಯ ಬ್ಯಾಕ್ಟೀರಿಯಾ ಅಷ್ಟರಲ್ಲಿ ಕಡಿಮೆಯಾಗಿರುತ್ತವೆ.

ಎಲ್ಲಿಯ ಗಿಡ, ಯಾವ ಗಿಡ

ಭತ್ತದ ಗದ್ದೆಯ ಬಸಿಗಾಲುವೆಯಲ್ಲಿ ಹರಿಯುವುದು ಬರೀ ನೀರಲ್ಲ, ಗದ್ದೆಗೆ ಹೊಡೆದ ಔಷಧಿಯೂ ಅದರಲ್ಲಿದೆ. ಊರ ಚರಂಡಿಯ ಬದಿಗೆ ದಟ್ಟವಾಗಿ ಬೆಳೆದ ಕೆಸು ಕೊಳಚೆಯಲ್ಲಿರುವ ಲೋಹಗಳನ್ನೂ ಹೀರಿಕೊಂಡಿರುತ್ತದೆ. ಇವೆರಡೂ ಕಡೆಯ ಸೊಪ್ಪನ್ನು ಹಾಲು ಕರೆಯುವ ದನಕ್ಕೆ ಹಾಕಬಾರದು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ನಿಂತ ನೀರಿನ ಬಸವನಹುಳುಗಳಿಂದ ಹೊರಬಂದ ಯಕೃತ್ತಿನ ಚಪ್ಪಟೆಹುಳುವಿನ ಮರಿಗಳು ನೀರಂಚಿನ ಸೊಪ್ಪಿಗೆ ಅಂಟಿ ಕೂರುತ್ತವೆ. ಅದನ್ನು ಹಸಿಯಾಗಿ ತಿಂದ ಎಮ್ಮೆ ಕ್ರಮೇಣ ಸೊರಗಿ, ದವಡೆಯ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ. ನೀರಿನ ಮಟ್ಟದಿಂದ ಒಂದು ಗೇಣು ಮೇಲಕ್ಕೆ ಕೊಯ್ಯಿರಿ. ಚೆನ್ನಾಗಿ ಒಣಗಿಸಿದರೆ ಅಥವಾ ಹುಳಿಸಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ.

ಗಿಡ ಗುರುತಿಸಲು ಎಲೆಯನ್ನು ಹಿಂದಿರುಗಿಸಿ ನೋಡಿ. ಕೆಸುವಿನ ದಂಟು ಎಲೆಯ ಸೀಳಿನ ತುದಿಗೆ ಸೇರುವುದಿಲ್ಲ, ಸ್ವಲ್ಪ ಒಳಗೆ, ಎಲೆಯ ಬೆನ್ನಿಗೆ ಸೇರುತ್ತದೆ. ಎಲೆಯ ತುದಿ ನೆಲಕ್ಕೆ ಬಾಗಿರುತ್ತದೆ, ನೀರು ಹಾಕಿದರೆ ಮುತ್ತಾಗಿ ಉರುಳುತ್ತದೆ. ತುದಿ ಆಕಾಶ ನೋಡುವ, ದಂಟು ಸೀಳಿನಲ್ಲೇ ಸೇರುವ ಹೊಳಪಿನ ಎಲೆಯಾಗಿದ್ದರೆ ಅದು ಕೆಸುವನ್ನೇ ಹೋಲುವ ಅಲೊಕೇಸಿಯಾ ಎಂಬ ಬೇರೆ ಗಿಡ ಆಗಿರಬಹುದು, ತೆಗೆದುಕೊಳ್ಳಬೇಡಿ. ಮನೆಯಂಗಳದ ಬಣ್ಣಬಣ್ಣದ ಕೆಲೇಡಿಯಂ, ಬಿಳಿ ಚುಕ್ಕೆಯ ಡೈಫೆನ್‌ಬೇಕಿಯಾ ಇದೇ ಕುಟುಂಬದವು, ಮೇವಿಗೆ ಬರುವುದಿಲ್ಲ. ಎಲೆಯ ಮೇಲೆ ನೀರಿಳಿದಂಥ ದುಂಡು ಕಪ್ಪು ಕಲೆ ಹಬ್ಬಿದ್ದರೆ ಅದು ಅಂಗಮಾರಿ. ಆ ಎಲೆಯೂ ಬೇಡ, ಅದಕ್ಕೆ ಔಷಧಿ ಹೊಡೆದ ತೋಟದ ಎಲೆ ಅಂತೂ ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವವರೆಗೆ ಬೇಡ.

ಹಾಗಾದರೆ ಮೇವಿಗೆಂದೇ ಬೆಳೆಯಬೇಕೆ?

ಒಳ್ಳೆಯ ಹೊಲ, ಬಿಸಿಲು, ನೀರು ಮೂರೂ ಇರುವವರು ಅದರಲ್ಲಿ ಅಲಸಂದಿ, ಕುದುರೆ ಮಸಾಲೆ, ಗೋವಿನಜೋಳ ಬೆಳೆಯಲಿ. ಬದುವಿಗೆ ಚೊಗಚೆ, ನುಗ್ಗೆ ಹಚ್ಚಲಿ. ಬಾಡಿಸುವ, ಹುಳಿಸುವ, ಲೆಕ್ಕ ಇಡುವ ಯಾವ ಕಷ್ಟವೂ ಇಲ್ಲದೆ ದನ ತಿನ್ನುತ್ತದೆ. ಸವಳು ಭೂಮಿಗೂ ಕೆಸುವನ್ನು ಶಿಫಾರಸು ಮಾಡಲಾರೆ.

ಕೆಸುವಿಗೆ ಇರುವ ಜಾಗ ಎರಡೇ. ಒಂದು, ಕಾಲುವೆಯ ಬಸಿನೀರಿನಿಂದ ಜವಳಾದ, ಉಪ್ಪು ಮಾತ್ರ ಏರದ ತಗ್ಗು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಇಂಥ ತಗ್ಗುಗಳು ಊರೂರಿಗೆ ಆಗಿವೆ, ನೀರು ನಿಂತಲ್ಲಿ ನೇಪಿಯರ್ ಬೇರು ಕೊಳೆಯುತ್ತದೆ. ಇನ್ನೊಂದು, ಆನೆಗುಂದಿ, ಕಂಪ್ಲಿ ಕಡೆಯ ಬಾಳೆ, ತೆಂಗಿನ ನೆರಳು. ಅಲ್ಲಿ ಬೇರೆ ಮೇವಿನ ಹುಲ್ಲು ಬಡಕಲಾಗುತ್ತದೆ, ಕೆಸು ನೆರಳಿಗೆ ಅಂಜುವುದಿಲ್ಲ. ಈ ಎರಡೂ ಕಡೆ ಗಡ್ಡೆ ಸಂತೆಗೆ, ಸೊಪ್ಪು ದನಕ್ಕೆ ಎಂದು ಒಂದೇ ಗಿಡದಿಂದ ಎರಡು ಉಪಯೋಗ ಪಡೆಯಬಹುದು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಶ್ರೀರಶ್ಮಿ, ಶ್ರೀಪಲ್ಲವಿ, ಶ್ರೀಕಿರಣ್ ತಳಿಗಳಿವೆ. ಆದರೆ ಮೊದಲ ವರ್ಷ ನಿಮ್ಮೂರಲ್ಲಿ ತಿನ್ನಲು ಬೆಳೆಯುವ, ಕೆರೆತ ಕಡಿಮೆ ಇರುವ ತಳಿಯ ಮರಿಗಡ್ಡೆಯನ್ನೇ ಹಚ್ಚುವುದು ಒಳ್ಳೆಯದು. ಹಚ್ಚಿ ಮೂರು ತಿಂಗಳಾದ ಮೇಲೆ ಕೆಳಗಿನ ಬಲಿತ ಎಲೆಗಳನ್ನು ಮಾತ್ರ ದಂಟಿನ ಸಮೇತ ಕೊಯ್ಯಿರಿ, ಮೇಲಿನ ಮೂರು ನಾಲ್ಕು ಎಲೆ ಗಿಡಕ್ಕೇ ಇರಲಿ. ಪೂರ್ತಿ ಬೋಳಿಸಿದರೆ ಗಡ್ಡೆ ಕಟ್ಟುವುದಿಲ್ಲ. ಬಲಿತ ಎಲೆಯಲ್ಲಿ ಆಕ್ಸಲೇಟ್ ಕಡಿಮೆ ಇರುವುದರಿಂದ ಈ ಕ್ರಮ ದನಕ್ಕೂ ಒಳ್ಳೆಯದು.